ಬಾಯಿಯ ತೀರದ ಉರಿಗೆ ನಿತ್ಯದ ಆರೈಕೆ



ಕೊಳೆರೋಗ, ಹಿಡಿಮುಂಡಿಗೆ, ಕಾಫಿಯ ಕಾಂಡಕೊರಕ ಇವುಗಳ ವಿಚಾರವನ್ನು ಈ ಪುಟಗಳಲ್ಲಿ ಹಲವು ಸಲ ಬರೆದಿದ್ದೇವೆ. ಈ ಸಲ ತೋಟದ ರೋಗವನ್ನು ಬಿಟ್ಟು ತೋಟದವರ ಬಾಯಿಗೆ ಬರುವ ಒಂದು ರೋಗದ ವಿಚಾರ ಬರೆಯುತ್ತಿದ್ದೇವೆ. ಅದಕ್ಕೆ ಕಾರಣವಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂಡಿಗೆರೆ ಕಡೆಯ ನಮ್ಮ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಬೆಂಗಳೂರಿನ ಹೊರವಲಯ ಸೇರದ ಮನೆ ಈಗ ಅಪರೂಪ. ಒಬ್ಬರು ಪೀಣ್ಯದ ಕಾರ್ಖಾನೆಯಲ್ಲಿ, ಇನ್ನೊಬ್ಬರು ವೈಟ್‌ಫೀಲ್ಡಿನಲ್ಲಿ, ಮತ್ತೊಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹಿರಿಯರೂ ಕೊಯ್ಲು ಮುಗಿಸಿ ಅಲ್ಲಿಗೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುತ್ತಾರೆ. ಹಾಗೆ ಹೋದವರೊಬ್ಬರ ಅನುಭವವೇ ಈ ಲೇಖನಕ್ಕೆ ಪ್ರೇರಣೆ.

ನಮ್ಮ ಸದಸ್ಯರೊಬ್ಬರ ಮನೆಯಾಕೆ ಮಗನ ಮನೆಗೆಂದು ಕಾಡುಗೋಡಿಗೆ ಹೋಗಿದ್ದರು. ಅಲ್ಲಿ ಒಂದು ದಿನ ಸಾರು ಬಾಯಿಗಿಟ್ಟಾಗ ಕೆನ್ನೆಯ ಒಳಗೆಲ್ಲ ಉರಿ ಎದ್ದಿತು. "ನೀರು ಬದಲಾಗಿದೆ, ಉಷ್ಣವಾಗಿರಬೇಕು" ಎಂದು ಮೆಂತ್ಯದ ನೀರು ಕುಡಿದರು, ಎಳನೀರು ಕುಡಿದರು. ಉರಿ ಹೋಗಲಿಲ್ಲ. ಬೀದಿಯ ಔಷಧಿ ಅಂಗಡಿಯಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು. ಅದೂ ಹಲವು ತಿಂಗಳು ನಡೆಯಿತು. ಮೊದಲು ಉಪ್ಪಿನಕಾಯಿ ಬಿಟ್ಟರು, ಆಮೇಲೆ ಹುಳಿ ಬಿಟ್ಟರು, ಕೊನೆಗೆ ಊಟವನ್ನೇ ಕಡಿಮೆ ಮಾಡಿದರು. ರವಿಕೆ ಸಡಿಲವಾಗುವಷ್ಟು ಸೊರಗಿದರು. ಮನಸ್ಸಿನಲ್ಲಿದ್ದ ಭಯವನ್ನು ಮಾತ್ರ ಮಗನಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಊಟವಾದ ಮೇಲೆ ಎಲೆಯಡಿಕೆ ಹಾಕುವ ಮೂವತ್ತು ವರ್ಷದ ರೂಢಿ ಅವರದು. ಇದು ಕ್ಯಾನ್ಸರೇ ಎಂದು ಅವರು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದರು.

ಸುಮಾರು ಒಂದು ವರ್ಷದ ನಂತರ ಸೊಸೆಯ ಒತ್ತಾಯಕ್ಕೆ ದಂತ ವೈದ್ಯಕೀಯ ಕಾಲೇಜೊಂದಕ್ಕೆ ಹೋದರು. ಕೆನ್ನೆಯ ಒಳಗಿನಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಪರೀಕ್ಷೆ ಮಾಡಿದರು. "ಇದು ಕ್ಯಾನ್ಸರಾ ಡಾಕ್ಟ್ರೇ?" ಎಂದು ಆಕೆ ಕೇಳಿದರು. "ಅಲ್ಲಮ್ಮಾ. ಇದಕ್ಕೆ ಲೈಕನ್ ಪ್ಲೇನಸ್ ಎನ್ನುತ್ತಾರೆ" ಎಂದರು ವೈದ್ಯರು. "ಹಾಗಾದರೆ ಯಾವಾಗ ವಾಸಿಯಾಗುತ್ತೆ?" ಎಂಬ ಎರಡನೆಯ ಪ್ರಶ್ನೆಗೆ ಬಂದ ಉತ್ತರ ಹೀಗಿತ್ತು: "ಪೂರ್ತಿ ವಾಸಿ ಮಾಡುತ್ತೇನೆ ಅಂತ ಮಾತು ಕೊಡಲಾರೆ. ಆದರೆ ನೀವು ಮೊದಲಿನ ಹಾಗೆ ಊಟ ಮಾಡುವಂತೆ ಮಾಡಬಹುದು. ಅದರಲ್ಲಿ ಅರ್ಧ ಕೆಲಸ ನಮ್ಮದು, ಅರ್ಧ ನಿಮ್ಮದು."

ಆ ಎರಡನೆಯ ಅರ್ಧದ ವಿಚಾರವೇ ಈ ಲೇಖನ. ಕೊಳೆರೋಗವನ್ನು ತಾಲ್ಲೂಕಿನಿಂದಲೇ ಓಡಿಸಿದವರು ಯಾರೂ ಇಲ್ಲ. ಆದರೂ ಮುಂಗಾರಿಗೆ ಮೊದಲೊಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಸಿಂಪಡಿಸಿ ನಾವು ಫಸಲು ಉಳಿಸಿಕೊಳ್ಳುತ್ತೇವೆ. ಬಾಯಿಯ ಈ ರೋಗದ ಜೊತೆಗೂ ಹಾಗೆಯೇ ಬಾಳಬೇಕಾಗುತ್ತದೆ.

ಇದು ಎಂಥ ರೋಗ?

ಅಡಿಕೆ ಮರದ ಕಾಂಡದ ಮೇಲೂ ಸಿಲ್ವರ್ ಓಕ್ ತೊಗಟೆಯ ಮೇಲೂ ಬಿಳಿ-ಬೂದು ಬಣ್ಣದ ಮಚ್ಚೆಗಳು ಹಬ್ಬಿರುವುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಆ ಜಾತಿಯ ಬೆಳವಣಿಗೆಗೆ ನಾವು ಕಲ್ಲುಹೂವು ಎನ್ನುತ್ತೇವೆ, ಇಂಗ್ಲಿಷಿನವರು ಲೈಕನ್ ಎನ್ನುತ್ತಾರೆ. 1869ರಲ್ಲಿ ಇಂಗ್ಲೆಂಡಿನ ಚರ್ಮವೈದ್ಯ ಇರಾಸ್ಮಸ್ ವಿಲ್ಸನ್ ಈ ರೋಗವನ್ನು ವಿವರಿಸುವಾಗ ಆ ಹೋಲಿಕೆಯ ಹೆಸರನ್ನೇ ಬಳಸಿದರು. ಹೆಸರು ಹಾಗಿದೆಯೆಂದು ಬಾಯಿಯಲ್ಲಿ ಪಾಚಿಯೋ ಶಿಲೀಂಧ್ರವೋ ಬೆಳೆದಿದೆ ಎಂದು ತಿಳಿಯಬಾರದು. ನೋಟದಲ್ಲಿ ಹೋಲಿಕೆ, ಅಷ್ಟೆ.

ನಮ್ಮ ರಕ್ತದಲ್ಲಿರುವ ಕೆಲವು ಬಿಳಿ ಕಣಗಳು ದೇಹದ ಕಾವಲುಗಾರರು. ಈ ರೋಗದಲ್ಲಿ ಅವು ದಾರಿ ತಪ್ಪಿ, ಬಾಯಿಯ ಒಳಪೊರೆಯ ತಳದ ಪದರವನ್ನೇ ಶತ್ರುವೆಂದು ತಿಳಿದು ಘಾಸಿಗೊಳಿಸುತ್ತವೆ. ಅದರಿಂದ ಉರಿಯೂತ ಉಂಟಾಗುತ್ತದೆ. ಕಾವಲುಗಾರರು ಹೀಗೆ ದಾರಿ ತಪ್ಪಲು ಮೂಲ ಕಾರಣವೇನೆಂಬುದು ವಿಜ್ಞಾನಕ್ಕೆ ಇನ್ನೂ ಪೂರ್ಣವಾಗಿ ತಿಳಿದಿಲ್ಲ. ಇದು ಅಂಟುರೋಗವಲ್ಲವೆಂಬುದು ಮಾತ್ರ ಖಚಿತ. ಎಂಜಲಿನಿಂದ ಹರಡುವುದಿಲ್ಲ. ಮೊಮ್ಮಗುವಿಗೆ ಮುತ್ತು ಕೊಡಲು, ಒಂದೇ ಲೋಟದಲ್ಲಿ ನೀರು ಕುಡಿಯಲು ಹೆದರಬೇಕಾಗಿಲ್ಲ. ವಯಸ್ಕರಲ್ಲಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಇದು ಕಂಡುಬರುತ್ತದೆ. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸ್ವಲ್ಪ ಹೆಚ್ಚು.

ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಲೈಕನ್ ಪ್ಲೇನಸ್ ಹಾಗಲ್ಲ. ಹೆಚ್ಚಾಗಿ ಎರಡೂ ಕೆನ್ನೆಗಳ ಒಳಗೆ ಬಿಳಿ ನೂಲಿನ ಜಾಲರಿಯಂತಹ ಗೆರೆಗಳು ಕಾಣುತ್ತವೆ. ಜಾಲರಿ ಮಾತ್ರ ಇದ್ದವರಿಗೆ ನೋವಿರುವುದಿಲ್ಲ, ಎಷ್ಟೋ ಜನರಿಗೆ ರೋಗವಿರುವುದೇ ತಿಳಿದಿರುವುದಿಲ್ಲ. ಕೆಲವರಲ್ಲಿ ಒಳಪೊರೆ ಸವೆದು ಕೆಂಪಾಗುತ್ತದೆ ಅಥವಾ ಹುಣ್ಣಾಗುತ್ತದೆ. ಉರಿ, ನೋವು ಇವರಿಗೆ. ಒಸಡು ಕೆಂಪಾಗಿ ಸಿಪ್ಪೆ ಎದ್ದು ಹಲ್ಲುಜ್ಜುವಾಗ ರಕ್ತ ಬರುವುದೂ ಉಂಟು. ಕೆಲವರಿಗೆ ಮಣಿಕಟ್ಟಿನ ಮೇಲೆ ತುರಿಕೆಯ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು ಏಳುತ್ತವೆ. ಹೆಂಗಸರಲ್ಲಿ ಗುಪ್ತಾಂಗದಲ್ಲಿಯೂ ಉರಿ, ಹುಣ್ಣು ಬರಬಹುದು. ಇದನ್ನು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಬೇಕೆಂದು ನಮ್ಮ ತಾಯಂದಿರಲ್ಲಿ ವಿಶೇಷವಾಗಿ ಕೋರುತ್ತೇವೆ. ಒಂದೇ ರೋಗದ ಎರಡು ಕೊಂಬೆಗಳಿಗೆ ಬೇರೆ ಬೇರೆ ಔಷಧಿ ಹುಡುಕುತ್ತಾ ಅಲೆಯುವುದು ಇದರಿಂದ ತಪ್ಪುತ್ತದೆ.

ಇದೇ ರೂಪದ ಬೇರೆ ತೊಂದರೆಗಳು

ನೋಡಲು ಲೈಕನ್ ಪ್ಲೇನಸ್‌ನಂತೆಯೇ ಇದ್ದು, ಕಾರಣ ಮಾತ್ರ ಬೇರೆಯಾಗಿರುವ ತೊಂದರೆಗಳಿವೆ. ರಕ್ತದೊತ್ತಡದ ಕೆಲವು ಮಾತ್ರೆಗಳು, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಕೀಲುನೋವಿಗೆ ನುಂಗುವ ನೋವಿನ ಮಾತ್ರೆಗಳು ಕೆಲವರ ಬಾಯಿಯಲ್ಲಿ ಇಂಥದೇ ಕಲೆಗಳನ್ನು ಎಬ್ಬಿಸುತ್ತವೆ. ಹಲ್ಲಿಗೆ ತುಂಬಿಸಿದ ಬೆಳ್ಳಿ ಬಣ್ಣದ ಫಿಲ್ಲಿಂಗ್ ತಾಗುವ ಜಾಗದಲ್ಲಿ ಮಾತ್ರ ಕಲೆ ಬರುವುದೂ ಉಂಟು. ಎಲೆಯಡಿಕೆ ಹಾಕುವವರಲ್ಲಿ ಕವಳ ಒತ್ತಿ ಇಟ್ಟುಕೊಳ್ಳುವ ಕಡೆಯ ಕೆನ್ನೆಯಲ್ಲೇ ಬಿಳಿ ಗೆರೆಗಳು ಮೂಡುವುದನ್ನೂ ದಂತ ವೈದ್ಯರು ಗುರುತಿಸಿದ್ದಾರೆ. ಇವುಗಳಲ್ಲಿ ಕಾರಣವನ್ನು ತೆಗೆದರೆ ಕಲೆ ಬಹುಮಟ್ಟಿಗೆ ಇಳಿಯುತ್ತದೆ.

ಆದ್ದರಿಂದ ವೈದ್ಯರ ಬಳಿ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಸಾಧ್ಯವಾದರೆ ಮಾತ್ರೆಯ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಎಲೆಯಡಿಕೆ ಹಾಕುವುದನ್ನೂ ಹೇಳಬೇಕು. ಆದರೆ ಈ ಲೇಖನ ಓದಿ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಬದಲಿ ಮಾತ್ರೆ ಕೊಡುವುದು ವೈದ್ಯರ ಕೆಲಸ.

ಅಡಿಕೆಯ ಮಾತು

ಅಡಿಕೆಯ ಮಾತು ಬಂದಾಗ ನಮ್ಮಂಥ ಸಂಘದ ಪತ್ರಿಕೆ ಸುಮ್ಮನಿದ್ದುಬಿಡುವುದು ಸುಲಭ. ನಮ್ಮ ಮನೆಯ ಒಲೆ ಉರಿಯುವುದೇ ಅದರಿಂದ. ಆದರೂ ಸದಸ್ಯರ ಮತ್ತು ಅವರ ಮಕ್ಕಳ ಬಾಯಿಗಿಂತ ದೊಡ್ಡ ಫಸಲು ನಮಗಿಲ್ಲವಾದ್ದರಿಂದ ತಿಳಿದದ್ದನ್ನು ತಿಳಿದಂತೆ ಹೇಳುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳವನ್ನು ಕ್ಯಾನ್ಸರ್‌ಕಾರಕವೆಂದು ಹೇಳಿತು. 2004ರಲ್ಲಿ ಪ್ರಕಟವಾದ ಅದರ ವರದಿಯು ಹೊಗೆಸೊಪ್ಪು ಇಲ್ಲದ ಕವಳವನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಬೆಳೆಗಾರರಲ್ಲಿ ಇದರ ಬಗ್ಗೆ ಅಸಮಾಧಾನವಿದೆ, ವಾದವೂ ನಡೆದಿದೆ. ವಾದ ಏನೇ ಇರಲಿ, ಒಳಪೊರೆ ಕಿತ್ತುಹೋದ ಬಾಯಿಗೆ ಅಡಿಕೆಯ ಒಗರು, ಸುಣ್ಣದ ಖಾರ, ಹೊಗೆಸೊಪ್ಪಿನ ವಿಷ ಬೇಡವೆಂಬುದರಲ್ಲಿ ಎರಡು ಮಾತಿಲ್ಲ. ಲೈಕನ್ ಪ್ಲೇನಸ್ ಇರುವವರು ಎಲೆಯಡಿಕೆ, ಬೀಡಿ, ಸಿಗರೇಟು, ಮದ್ಯ ಇವೆಲ್ಲವನ್ನೂ ಬಿಡಬೇಕು. ಕಡಿಮೆ ಮಾಡಿದರೆ ಸಾಲದು.

ಇನ್ನೊಂದು ರೋಗವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಅದೂ ಬಾಯಿ ಉರಿಯಿಂದಲೇ ಆರಂಭವಾಗುತ್ತದೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೆನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ವಿವರಿಸಿದರು. ಇಂದು ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಬಾಯಿ ಬಿಗಿತ ಎಂದರೆ ಅರ್ಥವಾಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಮುಂತಾದ ಅಂಶಗಳ ಪ್ರಭಾವದಿಂದ ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಕಟ್ಟುತ್ತದೆ. ಕೆನ್ನೆ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಪೀಣ್ಯದಲ್ಲಿ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲೆಂದು ಚೀಟಿ ಅಡಿಕೆ ಹಾಕುವ ಹುಡುಗರಿಗೆ ಇದು ಇಪ್ಪತ್ತರ ವಯಸ್ಸಿನಲ್ಲೇ ಬರಬಹುದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಅಂಗಡಿಯಲ್ಲಿ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದು ಚೀಟಿಯಲ್ಲಿ ಬಂತು. ಬಾಯಿಯೊಳಗೆ ಎರಡೂ ಒಂದಾಗುವುದನ್ನು ಯಾವ ಕಾನೂನೂ ತಡೆಯಲಾರದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅವರವರ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಬೇಕು. ಮೂರು ಬೆರಳು ಹಿಡಿಸದಿದ್ದರೆ ವೈದ್ಯರಿಗೆ ತೋರಿಸಬೇಕು. ಈ ರೋಗದಲ್ಲಿ ಕಟ್ಟಿದ ನಾರು ತಾನಾಗಿ ಕರಗುವುದಿಲ್ಲ. ಆದರೆ ಆ ದಿನವೇ ಅಡಿಕೆ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು, ಬಾಯಿ ತೆರೆಯುವ ವ್ಯಾಯಾಮದಿಂದಲೂ ಚಿಕಿತ್ಸೆಯಿಂದಲೂ ಅನುಕೂಲವಾಗುತ್ತದೆ. ಇದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಲೈಕನ್ ಪ್ಲೇನಸ್‌ಗಿಂತ ಹೆಚ್ಚೆಂಬುದನ್ನು ನೆನಪಿಡಬೇಕು.

ಬಾಯಿ ತೊಳೆಯುವ ಕ್ರಮ

ಈಗ ನಿತ್ಯದ ಆರೈಕೆಗೆ ಬರೋಣ. ಬಾಯಿ ಉರಿಯುವವರು ಸಾಮಾನ್ಯವಾಗಿ ಮೊದಲು ಬಿಡುವುದು ಹಲ್ಲುಜ್ಜುವುದನ್ನು. ಅದೇ ದೊಡ್ಡ ತಪ್ಪು. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿದಷ್ಟೂ ಒಸಡಿನ ಉರಿಯೂತ ಹೆಚ್ಚುತ್ತದೆ.

ಅತ್ಯಂತ ಮೃದುವಾದ ಕೂದಲಿನ ಬ್ರಷ್ಷನ್ನು ಬಳಸಿ, ದಿನಕ್ಕೆ ಎರಡು ಸಲ, ಒತ್ತದೆ ನಿಧಾನವಾಗಿ ಉಜ್ಜಬೇಕು. ಬೆಳಗ್ಗೆಗಿಂತ ರಾತ್ರಿ ಮಲಗುವ ಮುಂಚಿನದು ಹೆಚ್ಚು ಮುಖ್ಯ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಬೇಕು. ಪೇಸ್ಟಿನಲ್ಲಿ ನೊರೆ ಬರಲೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್, ಘಾಟಾದ ಪುದೀನಾ ಅಥವಾ ದಾಲ್ಚಿನ್ನಿ ರುಚಿ ಕೆಲವರಿಗೆ ಉರಿ ಹೆಚ್ಚಿಸುತ್ತವೆ. ಅವಿಲ್ಲದ ಪೇಸ್ಟನ್ನು ದಂತ ವೈದ್ಯರಲ್ಲಿ ಕೇಳಿ ಪಡೆಯಬೇಕು. ಉಮಿಕರಿ, ಇದ್ದಿಲು, ಉಪ್ಪಿನ ಪುಡಿ, ಇಟ್ಟಿಗೆ ಪುಡಿಗಳಿಂದ ಉಜ್ಜುವುದು ಇಂಥವರಿಗೆ ಸರ್ವಥಾ ಕೂಡದು.

ಊಟವಾದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು. ಬರೀ ಉಗುರುಬೆಚ್ಚಗಿನ ನೀರು ಸಾಕು. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕರಗಿಸಿಕೊಂಡರೆ ಅನೇಕರಿಗೆ ಹಿತವಾಗುತ್ತದೆ. ಅಂಗಡಿಯಲ್ಲಿ ಸಿಗುವ, ಆಲ್ಕೋಹಾಲ್ ಸೇರಿದ ಖಾರದ ಮೌತ್‌ವಾಷ್ ಬೇಡ.

ಚೂಪಾದ ಮುರುಕು ಹಲ್ಲಿದ್ದರೆ ದಂತ ವೈದ್ಯರಲ್ಲಿ ಹೋಗಿ ನಯಗೊಳಿಸಿಕೊಳ್ಳಬೇಕು. ಈ ರೋಗದಲ್ಲಿ ಒಂದೇ ಕಡೆ ಉಜ್ಜಿ ಗಾಯವಾಗುವ ಜಾಗದಲ್ಲಿ ಹೊಸ ಹುಣ್ಣು ಏಳುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಗಿದ್ದರೆ ಸರಿಪಡಿಸಿಕೊಳ್ಳಬೇಕು, ರಾತ್ರಿ ತೆಗೆದು ಶುಚಿಮಾಡಿ ನೀರಿನಲ್ಲಿಡಬೇಕು. ಆರು ತಿಂಗಳಿಗೊಮ್ಮೆ ಹಲ್ಲಿನ ಕಿಟ್ಟ ತೆಗೆಸುವುದು ಒಳ್ಳೆಯದು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಅದರಲ್ಲಿ ಹುರುಳಿಲ್ಲ.

ಊಟ ಮತ್ತು ಕಾಫಿ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಉರಿ ಹೆಚ್ಚಿರುವ ದಿನಗಳಲ್ಲಿ ಸೂಜಿಮೆಣಸು, ಒಣಮೆಣಸು, ಕಾಳುಮೆಣಸು, ಹುಣಸೆ, ನಿಂಬೆ, ಟೊಮೇಟೊ, ಉಪ್ಪಿನಕಾಯಿ ಬೇಡ. ಚಕ್ಕುಲಿ, ಕೋಡುಬಳೆ, ಹಲಸಿನ ಹಪ್ಪಳಗಳಂಥ ಗರಿಗರಿ ಪದಾರ್ಥಗಳ ಅಂಚು ಒಳಪೊರೆಯನ್ನು ಗೀರುತ್ತದೆ. ಬದಲಿಗೆ ಗಂಜಿ, ಮೊಸರನ್ನ, ಇಡ್ಲಿ, ರಾಗಿ ಮುದ್ದೆ, ಹೆಸರುಬೇಳೆ ತೊವ್ವೆ, ಮೆಣಸು ಹಾಕದ ಒಂದೆಲಗದ ತಂಬುಳಿ, ಬೇಯಿಸಿದ ಸೌತೆ-ಸೋರೆ, ಬಾಳೆಹಣ್ಣು ಇವು ಆಗುತ್ತವೆ. ಮೀನು ಮೊಟ್ಟೆ ತಿನ್ನುವವರು ಖಾರವಿಲ್ಲದೆ ಬೇಯಿಸಿ ತಿನ್ನಬಹುದು. ಮಡಿಕೆಯ ಅಡಿಯಲ್ಲೇ ಒಂದು ಪಾಲು ಬೇಳೆಯನ್ನು ಖಾರ ಹಾಕುವ ಮೊದಲೇ ತೆಗೆದಿಟ್ಟರೆ ಮನೆಯವರಿಗೆ ಬೇರೆ ಅಡಿಗೆಯ ಹೊರೆ ಬೀಳುವುದಿಲ್ಲ. ಉರಿ ಇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಳೆಯ ಊಟಕ್ಕೆ ಮರಳಬಹುದು. ಜೀವನಪೂರ್ತಿ ಸಪ್ಪೆ ತಿನ್ನಬೇಕೆಂದು ನಾವು ಹೇಳುತ್ತಿಲ್ಲ.

ಕಾಫಿ ಬೆಳೆಯುವವರು ಸಹಜವಾಗಿಯೇ ಕಾಫಿಯ ವಿಚಾರ ಕೇಳುತ್ತಾರೆ. 2016ರಲ್ಲಿ ಅದೇ ಅಂತರರಾಷ್ಟ್ರೀಯ ಸಂಸ್ಥೆ ಕಾಫಿಯನ್ನು ಮತ್ತೆ ಪರಿಶೀಲಿಸಿತು. ಕಾಫಿಯನ್ನು ಕ್ಯಾನ್ಸರ್‌ಕಾರಕವೆನ್ನಲು ಸಾಕಷ್ಟು ಆಧಾರವಿಲ್ಲವೆಂದಿತು. ಆದರೆ 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಯಾವುದೇ ಪಾನೀಯವು ಅನ್ನನಾಳಕ್ಕೆ ಅಪಾಯಕಾರಿಯಾಗಬಹುದೆಂದು ಎಚ್ಚರಿಸಿತು. ಅಂದರೆ ದೋಷವಿರುವುದು ಸುಡುವ ಬಿಸಿಯಲ್ಲಿ. ಉರಿಯುವ ಬಾಯಿಯವರು ಲೋಟವನ್ನು ಆರಲು ಬಿಟ್ಟು, ಹಾಲು ಹೆಚ್ಚಿಗೆ ಬೆರೆಸಿ ಕುಡಿಯಲಿ. ಹಾಗೂ ಉರಿದರೆ ಕೆಲವು ದಿನ ಬಿಡಲಿ. ಯಾವುದು ಯಾರಿಗೆ ಆಗದು ಎಂಬುದು ಒಬ್ಬೊಬ್ಬರಿಗೂ ಬೇರೆ. ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ತಿಂದದ್ದು, ಉರಿ ಹೆಚ್ಚೋ ಕಡಿಮೆಯೋ ಎಂದು ಒಂದು ತಿಂಗಳು ಬರೆದಿಟ್ಟರೆ ಅವರವರ ಪಟ್ಟಿ ಅವರವರಿಗೇ ಸಿಗುತ್ತದೆ.

ಊರು ಬಿಟ್ಟು ದುಡಿಯುವವರಿಗೆ

ಮನೆಯಲ್ಲಿ ಇಷ್ಟು ಪಥ್ಯ ಮಾಡುವುದು ಸುಲಭ. ವೈಟ್‌ಫೀಲ್ಡಿನ ಪಿ.ಜಿ.ಯಲ್ಲಿ, ಪೀಣ್ಯದ ಕ್ಯಾಂಟೀನಿನಲ್ಲಿ ಕಷ್ಟ. ಅಲ್ಲಿ ಬೆಳಗ್ಗೆ ಟೊಮೇಟೊ ಬಾತ್, ಮಧ್ಯಾಹ್ನ ಖಾರದ ಸಾಂಬಾರು, ರಾತ್ರಿ ಕೆಂಪು ಚಟ್ನಿ. ಅಂಥವರು ಒಂದು ಡಬ್ಬಿ ಮೊಸರು ಮತ್ತು ಎರಡು ಬಾಳೆಹಣ್ಣು ಜೊತೆಗಿಟ್ಟುಕೊಂಡರೆ ಕ್ಯಾಂಟೀನಿನ ಬಿಳಿ ಅನ್ನದೊಂದಿಗೆ ಒಂದು ಹೊತ್ತು ಸಾಗುತ್ತದೆ. ಚೀಲದಲ್ಲಿ ನೀರಿನ ಬಾಟಲಿ ಇರಲಿ, ಒಣಗಿದ ಬಾಯಿ ಬೇಗ ಉರಿಯುತ್ತದೆ. ನಿದ್ದೆಗೇಡು ಮತ್ತು ಮನಸ್ಸಿನ ಒತ್ತಡ ಇದ್ದಾಗ ರೋಗ ಕೆರಳುತ್ತದೆಂದು ಅನೇಕ ರೋಗಿಗಳು ಹೇಳುತ್ತಾರೆ. ಪಾಳಿ ಬದಲಾಗುವ ವಾರದಲ್ಲಿ, ಕೆಲಸದ ಗಡುವು ಬಂದಾಗ ಮುಲಾಮು, ಹಲ್ಲುಜ್ಜುವಿಕೆ ತಪ್ಪದಂತೆ ನೋಡಿಕೊಳ್ಳಬೇಕಾದದ್ದು ಅದಕ್ಕಾಗಿಯೇ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಅಡಿಕೆ ಚೀಟಿಯ ಬದಲು ಆರಿದ ಕಾಫಿ ಕುಡಿಯಲಿ ಎಂದು ನಾವೇ ನಮ್ಮ ಮಕ್ಕಳಿಗೆ ಹೇಳಬೇಕು.

ಔಷಧಿಯ ವಿಚಾರ

ನೋವಿಲ್ಲದ ಬರೀ ಜಾಲರಿ ಗೆರೆಗಳಿಗೆ ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ. ಉರಿ, ಹುಣ್ಣು ಇದ್ದವರಿಗೆ ವೈದ್ಯರು ಬಾಯಿಗೆ ಹಚ್ಚುವ ಸ್ಟೀರಾಯ್ಡ್ ಮುಲಾಮನ್ನೋ ಮುಕ್ಕಳಿಸುವ ಔಷಧಿಯನ್ನೋ ಕೊಡುತ್ತಾರೆ. ಊಟ ಮುಗಿಸಿ, ಬಾಯಿ ತೊಳೆದು, ಹುಣ್ಣಿನ ಜಾಗದ ಜೊಲ್ಲನ್ನು ಶುದ್ಧ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆದು, ತೆಳುವಾಗಿ ಹಚ್ಚಬೇಕು. ಆಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಒದ್ದೆ ಎಲೆಗೆ ಸಿಂಪಡಿಸಿದ ಔಷಧಿ ಹೇಗೆ ನಿಲ್ಲುವುದಿಲ್ಲವೋ ಒದ್ದೆ ಬಾಯಿಗೆ ಹಚ್ಚಿದ ಮುಲಾಮೂ ಹಾಗೆಯೇ ಜಾರಿಹೋಗುತ್ತದೆ.

ಈ ಔಷಧಿಯನ್ನು ಹಚ್ಚುವಾಗ ಕೆಲವರಿಗೆ ಬಾಯಿಯಲ್ಲಿ ಶಿಲೀಂಧ್ರದ ಸೋಂಕು ಸೇರುತ್ತದೆ. ಮೊಸರಿನ ಗಟ್ಟಿಯಂತೆ ಬಿಳಿ ಪದರ ಕಂಡರೆ, ಇಳಿದಿದ್ದ ಉರಿ ಮತ್ತೆ ಏರಿದರೆ ವೈದ್ಯರಿಗೆ ತಿಳಿಸಬೇಕು. ಸಕ್ಕರೆ ಕಾಯಿಲೆಯವರು ಇದರಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಮುಲಾಮು ತರುವುದು, ಚರ್ಮದ ತುರಿಕೆಗೆ ತಂದಿದ್ದ ಟ್ಯೂಬನ್ನು ಬಾಯಿಗೆ ಹಚ್ಚುವುದು ತಪ್ಪು.

ಮನೆಮದ್ದಿನಲ್ಲಿ ತುಪ್ಪ ಸವರಿದರೆ ಹಿತವಾಗುತ್ತದೆ, ಹಾನಿಯಿಲ್ಲ. ಆದರೆ ಪಟಿಕ ಉಜ್ಜುವುದು, ಸುಣ್ಣ ಮುಟ್ಟಿಸುವುದು, ಲವಂಗದ ಎಣ್ಣೆ ಹಚ್ಚುವುದು, ನೋವಿನ ಮಾತ್ರೆಯನ್ನು ಹುಣ್ಣಿನ ಮೇಲೆ ಇಟ್ಟುಕೊಳ್ಳುವುದು ಇವು ಒಳಪೊರೆಯನ್ನು ಸುಡುತ್ತವೆ.

ವರ್ಷಕ್ಕೆರಡು ಸಲ ತಪಾಸಣೆ

ಈ ರೋಗದಲ್ಲಿ ಒಂದು ಭಯವನ್ನು ಬಿಡಬೇಕು, ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ಲೈಕನ್ ಪ್ಲೇನಸ್ ಇರುವ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಮುಂದೆ ಆ ಜಾಗದಲ್ಲಿ ಕ್ಯಾನ್ಸರ್ ಬರುತ್ತದೆ. ಉಳಿದ ತೊಂಬತ್ತೊಂಬತ್ತು ಜನ ಭಯದಿಂದ ಊಟ ಬಿಡಬೇಕಾಗಿಲ್ಲ. ಆದರೆ ಆ ಒಬ್ಬರು ಯಾರೆಂದು ಮೊದಲೇ ತಿಳಿಯುವುದಿಲ್ಲವಾದ್ದರಿಂದ ನೂರು ಜನರೂ ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು.

ಅರೇಬಿಕಾ ತೋಟವಿರುವವರಿಗೆ ಇದು ಹೊಸದಲ್ಲ. ಕಾಂಡಕೊರಕದ ದುಂಬಿ ಹಾರುವ ಕಾಲಕ್ಕೆ ಮೊದಲು, ಮಾರ್ಚಿನಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ ಗಿಡಗಿಡವನ್ನೂ ನೋಡಿ ಟ್ರೇಸಿಂಗ್ ಮಾಡುತ್ತೇವೆ. ಸಾವಿರ ಗಿಡದಲ್ಲಿ ಕೆಟ್ಟದ್ದು ಕೆಲವೇ ಇರಬಹುದು, ಆದರೂ ಎಲ್ಲವನ್ನೂ ನೋಡುತ್ತೇವೆ. ಅದೇ ಎರಡು ತಿಂಗಳುಗಳಲ್ಲಿ ಬಾಯಿಯ ತಪಾಸಣೆಯನ್ನೂ ಇಟ್ಟುಕೊಂಡರೆ ಮರೆತುಹೋಗುವುದಿಲ್ಲ.

ನಡುವೆ ತಿಂಗಳಿಗೊಮ್ಮೆ ಮನೆಯಲ್ಲೇ ನೋಡಿಕೊಳ್ಳಬೇಕು. ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ತುಟಿಯ ಒಳಭಾಗ, ಎರಡು ಕೆನ್ನೆ, ಒಸಡು, ನಾಲಿಗೆಯ ಅಂಚುಗಳು, ನಾಲಿಗೆಯ ಅಡಿ, ಅಂಗುಳ ಈ ಕ್ರಮದಲ್ಲಿ ನೋಡಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಹೋದ ತಿಂಗಳಿನದರ ಜೊತೆ ಹೋಲಿಸಲು ಅನುಕೂಲ. ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯದೆ ಹೋಗಬೇಕು: ಎರಡು ವಾರ ಕಳೆದರೂ ಮಾಯದ ಹೊಸ ಹುಣ್ಣು, ಕೈಗೆ ಗಟ್ಟಿಯಾಗಿ ಸಿಗುವ ಗಂಟು, ಒಂದೇ ಕಡೆ ದಪ್ಪವಾಗುತ್ತಾ ಹೋಗುವ ಬಿಳಿ ಅಥವಾ ಕೆಂಪು ಕಲೆ, ಕಾರಣವಿಲ್ಲದೆ ರಕ್ತ ಒಸರುವುದು, ನಾಲಿಗೆ ಅಥವಾ ತುಟಿ ಮರಗಟ್ಟುವುದು, ನುಂಗಲು ಕಷ್ಟವಾಗುವುದು, ಕುತ್ತಿಗೆಯಲ್ಲಿ ಗಡ್ಡೆ.

ಎಲ್ಲಿ ತೋರಿಸಬೇಕು?

ದಂತ ವೈದ್ಯಕೀಯ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ಎಂಬ ಪ್ರತ್ಯೇಕ ವಿಭಾಗವಿರುತ್ತದೆ. ಹಲ್ಲು ಕೀಳುವುದಲ್ಲ, ಬಾಯಿಯ ಒಳಪೊರೆಯ ರೋಗಗಳನ್ನು ನೋಡುವುದು ಅವರ ಕೆಲಸ. ಚೀಟಿ ಮಾಡಿಸುವಾಗ ಆ ವಿಭಾಗದ ಹೆಸರನ್ನೇ ಹೇಳಬೇಕು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾದದ್ದು, ವಿಕ್ಟೋರಿಯಾ ಆಸ್ಪತ್ರೆಯ ಬಳಿ ಇದೆ. ಪೀಣ್ಯದವರು ಹಸಿರು ಮಾರ್ಗದ ಮೆಟ್ರೋ ಹತ್ತಿ ನೇರವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ವೈಟ್‌ಫೀಲ್ಡ್ ಕಡೆಯವರು 2023ರಲ್ಲಿ ಪೂರ್ಣಗೊಂಡ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗವಿದೆ, ಆರ್.ವಿ. ರಸ್ತೆಯಲ್ಲಿ ಬದಲಾಯಿಸಬೇಕು. ಹತ್ತಿರದಲ್ಲೇ ಬೇಕೆನ್ನುವವರಿಗೆ ವೈಟ್‌ಫೀಲ್ಡಿನಲ್ಲಿ ವೈದೇಹಿ ದಂತ ವೈದ್ಯಕೀಯ ಕಾಲೇಜು, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್ ದಂತ ವೈದ್ಯಕೀಯ ಕಾಲೇಜು ಇವೆ. ಇ.ಎಸ್.ಐ. ಸೌಲಭ್ಯವಿರುವ ಕಾರ್ಮಿಕರು ತಮ್ಮ ಡಿಸ್ಪೆನ್ಸರಿಯ ಮೂಲಕ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದು. ಕ್ಯಾನ್ಸರಿನ ಅನುಮಾನ ಬಂದರೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಇದೆ.

ತುಣುಕು ತೆಗೆದು ಪರೀಕ್ಷೆ ಮಾಡಿದರೆ ರೋಗ ಕೆರಳಿ ಹರಡುತ್ತದೆ ಎಂಬ ಭಯ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಅದು ನಿಜವಲ್ಲ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ತಿಂಗಳುಗಟ್ಟಲೆ ನಿದ್ದೆಗೆಡಿಸಿದ ಸಂಶಯ ಅದರಿಂದ ತೀರುತ್ತದೆ.

ಕಡೆಯದಾಗಿ, ಮೊದಲು ಹೇಳಿದ ಆ ತಾಯಿಯ ವಿಚಾರ. ಅವರ ಕೆನ್ನೆಯಲ್ಲಿ ಬಿಳಿ ಗೆರೆಗಳು ಈಗಲೂ ಇವೆ. ಮಳೆಗಾಲದಲ್ಲಿ ಒಂದು ಸಲ ಉರಿ ಮರಳಿ ಬಂದು ಮೂರು ವಾರ ಮುಲಾಮು ಹಚ್ಚಬೇಕಾಯಿತು. ಆದರೆ ಊಟ ಮಾಡುತ್ತಾರೆ, ಸೊರಗಿದ ಮೈ ಮತ್ತೆ ತುಂಬಿದೆ. ಎಲೆಯಡಿಕೆಯ ತಟ್ಟೆ ಮನೆಯ ಜಗಲಿಯ ಮೇಲೆ ಬಂದವರಿಗಾಗಿ ಇದೆ, ಅವರು ಮುಟ್ಟುವುದಿಲ್ಲ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದಾಗ, "ನನ್ನ ಹೆಸರು ಬೇಡ. ಆದರೆ ನನ್ನ ಹಾಗೆ ಒಂದು ವರ್ಷ ಯಾರೂ ಸುಮ್ಮನೆ ಹೆದರಿಕೊಂಡು ಕ��ತುಕೊಳ್ಳೋದು ಬೇಡ ಅಂತ ಬರೀರಿ" ಎಂದರು.

ಅವರ ಮಾತನ್ನೇ ನಮ್ಮ ಕೋರಿಕೆಯಾಗಿ ಮುಂದಿಡುತ್ತೇವೆ. ಮನೆಯಲ್ಲಿ ಯಾರಾದರೂ ಊಟದ ತಟ್ಟೆಯ ಮುಂದೆ ಹಿಂಜರಿಯುತ್ತಿದ್ದರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗ ದೊಡ್ಡ ತುತ್ತಿಗೆ ಬಾಯಿ ತೆರೆಯಲಾರದೆ ಇದ್ದರೆ, ಉಷ್ಣವೆಂದು ಸುಮ್ಮನಾಗಬೇಡಿ. ಕನ್ನಡಿ ಕೊಟ್ಟು ಬೆಳಕಿನಲ್ಲಿ ಕೂರಿಸಿ, ಬಾಯಿ ತೆರೆಸಿ ನೋಡಿ.